ಮಾದರಿ ಪಾಠದ ಸಿ.ಡಿ.

ಕಲಿಕೆಯ ಸಿದ್ಧಾಂತಗಳ ಮೇಲೆ ನನಗೆ ಸಿಟ್ಟಿಲ್ಲ. ಅವನ್ನು ನನಗೆ ಹೇಳಿಕೊಟ್ಟ ಮನುಷ್ಯನ ಮೇಲೆ ಇದೆ. ವಯಸ್ಸಾದ ಮೇಲೆ ಸಿಟ್ಟು ತಾನಾಗಿ ಇಳಿಯುತ್ತದೆ ಎಂದು ನನ್ನ ಅಕ್ಕ ಹೇಳುತ್ತಿರುತ್ತಾಳೆ. ನನ್ನದು ಇಳಿದಿಲ್ಲ. ಇಳಿಯುವುದು ನನಗೆ ಬೇಕಾಗಿಯೂ ಇಲ್ಲ. ಒಬ್ಬ ಹುಡುಗಿಯ ಪರವಾಗಿ ಸಿಟ್ಟು ಇಟ್ಟುಕೊಂಡಿರುವವಳು ಈ ಜಿಲ್ಲೆಯಲ್ಲಿ ಬಹುಶಃ ನಾನೊಬ್ಬಳೇ.

ತೊಂಬತ್ತರ ದಶಕದ ನಡುವೆ ಹಾಸನದಲ್ಲಿ ಬಿ.ಎಡ್. ಓದಿದೆ. ಹೊಳೆನರಸೀಪುರದಿಂದ ಬೆಳಗಿನ ಬಸ್ಸು. ಕೂರಲು ಜಾಗ ಸಿಕ್ಕರೆ ಪುಣ್ಯ, ಇಲ್ಲದಿದ್ದರೆ ಕಂಬಿ ಹಿಡಿದು ನಿಂತು ಹೋಗುವುದು. ನಮ್ಮ ಮನೆಯಲ್ಲಿ ಅಪ್ಪ ಮೇಷ್ಟರು, ಚಿಕ್ಕಪ್ಪ ಮೇಷ್ಟರು, ದೊಡ್ಡಪ್ಪ ದೇವಸ್ಥಾನದ ಅರ್ಚಕರು. ಅರ್ಚಕತನ ಹೆಣ್ಣಿಗೆ ಇಲ್ಲವಾದ್ದರಿಂದ ಉಳಿದದ್ದು ಮೇಷ್ಟರಿಕೆ. ಬೇರೇನಾದರೂ ಆಗುತ್ತೀಯಾ ಎಂದು ಯಾರೂ ಕೇಳಲಿಲ್ಲ.

ಶಿಕ್ಷಣ ಮನೋವಿಜ್ಞಾನವನ್ನು ತೆಗೆದುಕೊಳ್ಳುತ್ತಿದ್ದ ಉಪನ್ಯಾಸಕರು ಸಫಾರಿ ಸೂಟು ಹಾಕಿಕೊಂಡು ಬರುತ್ತಿದ್ದರು. ಕುರ್ಚಿಯ ಮೇಲೆ ಕೂತು, ಅಂಚು ಹರಿದ ನೋಟ್ಸು ತೆಗೆದು, 'ಬರ್ಕೊಳ್ಳಿ' ಎನ್ನುತ್ತಿದ್ದರು. ನಾವು ಬರೆದುಕೊಳ್ಳುತ್ತಿದ್ದೆವು. 'ಮಗು ಖಾಲಿ ಪಾತ್ರೆಯಲ್ಲ, ಫುಲ್‌ಸ್ಟಾಪ್. ಮಗು ತನ್ನ ಜ್ಞಾನವನ್ನು ತಾನೇ ಕಟ್ಟಿಕೊಳ್ಳುತ್ತದೆ, ಫುಲ್‌ಸ್ಟಾಪ್. ಅಂಡರ್‌ಲೈನ್ ಮಾಡಿ.' ನಾವೆಲ್ಲ ಸ್ಕೇಲು ತೆಗೆದು ಅಂಡರ್‌ಲೈನ್ ಮಾಡುತ್ತಿದ್ದೆವು. ಇಡೀ ವರ್ಷ ಅವರ ಬಾಯಿಂದ ನಾವು ಕೇಳಿದ ಸಿದ್ಧಾಂತಗಳೆಲ್ಲ ಫುಲ್‌ಸ್ಟಾಪ್ ಸಮೇತವೇ ಬಂದವು. ಗಂಟೆ ಬಾರಿಸಿದರೆ ಜೊಲ್ಲು ಸುರಿಸುವ ರಷ್ಯಾದ ನಾಯಿ ಬಂತು. ಬಾಳೆಹಣ್ಣು ಎಟುಕಿಸಿಕೊಳ್ಳಲು ಪೆಟ್ಟಿಗೆ ಜೋಡಿಸುವ ಮಂಗ ಬಂತು. ಮಗುವಿಗೆ ಈಗಾಗಲೇ ಗೊತ್ತಿರುವುದರ ಮೇಲೆ ಹೊಸದನ್ನು ಕೂರಿಸಬೇಕು ಎನ್ನುವ ಮಾತೂ ಬಂತು.

ಒಂದು ದಿನ ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, 'ಸಾರ್, ಮಗು ತಾನೇ ಕಟ್ಟಿಕೊಳ್ಳುತ್ತೆ ಅಂದ್ರೆ ನಾವ್ಯಾಕೆ ನೀವು ಹೇಳಿದ್ದನ್ನ ಬರ್ಕೊಳ್ತಾ ಇದೀವಿ?' ಎಂದು ಕೇಳಿದೆ. ಕ್ಲಾಸು ನಕ್ಕಿತು. ಅವರು ನಗಲಿಲ್ಲ. ಪೆನ್ನಿನ ಮುಚ್ಚಳ ಹಾಕಿ, 'ಹೆಣ್ಣುಮಕ್ಕಳಿಗೆ ಇಷ್ಟು ಬಾಯಿ ಒಳ್ಳೇದಲ್ಲಮ್ಮ' ಎಂದರು. ಪ್ರಾಕ್ಟಿಕಲ್ ಅಂಕ ಬಂದಾಗ ನನ್ನ ಬಾಯಿಯ ಬೆಲೆ ಎಷ್ಟೆಂದು ಗೊತ್ತಾಯಿತು.

ಆ ನೋಟ್ಸನ್ನು ಸಂಜೆಯ ಬಸ್ಸಿನಲ್ಲಿ ನಾನೇ ಓದಿಕೊಂಡಾಗ ಮಾತ್ರ ಬೇರೆ ಅನುಭವ. ಅವರ ದನಿಯನ್ನು ತೆಗೆದುಹಾಕಿದರೆ ಆ ಮಾತುಗಳು ಚೆನ್ನಾಗಿಯೇ ಇದ್ದವು. ನಾನು ಚಿಕ್ಕವಳಿದ್ದಾಗ ಅಡುಗೆಮನೆಯಲ್ಲಿ ಅಮ್ಮನ ಹತ್ತಿರ ಕಲಿತದ್ದಕ್ಕೂ ಅಪ್ಪನ ಶಾಲೆಯಲ್ಲಿ ಬೆತ್ತದ ಭಯಕ್ಕೆ ಕಲಿತದ್ದಕ್ಕೂ ಇರುವ ವ್ಯತ್ಯಾಸವನ್ನು ಯಾರೋ ದೂರದ ದೇಶದವರು ಕೂತು ಯೋಚಿಸಿದ್ದಾರೆ ಎನ್ನುವುದೇ ನನಗೆ ಖುಷಿ ಕೊಟ್ಟಿತ್ತು. ಅಂಥ ಮಾತುಗಳನ್ನು ಈ ಮನುಷ್ಯ ಬೆಳಗ್ಗೆ ಬೆಳಗ್ಗೆ ಕೊಂದು ನಮ್ಮ ಕೈಗೆ ಕೊಡುತ್ತಿದ್ದರಲ್ಲ ಎಂದು ಮೈ ಉರಿಯುತ್ತಿತ್ತು.

ಅದೇ ಕಾಲೇಜು ನಮಗೆ ಇನ್ನೊಂದು ಪದ್ಧತಿಯನ್ನೂ ಕಲಿಸಿತು. ಅದು ಯಾವ ಪುಸ್ತಕದಲ್ಲೂ ಇಲ್ಲ. ಅದಕ್ಕೆ ಹೆಸರು 'ಪ್ರಶ್ನೆ ಹಂಚುವುದು'. ಬಿ.ಎಡ್. ವಿದ್ಯಾರ್ಥಿಗಳು ಯಾವುದಾದರೂ ಶಾಲೆಗೆ ಹೋಗಿ ಪರೀಕ್ಷಕರ ಮುಂದೆ ಒಂದು ಪಾಠ ಮಾಡಿ ತೋರಿಸಬೇಕು. ಹಿಂದಿನ ದಿನವೇ ಹೋಗಿ ಅದೇ ಪಾಠವನ್ನು ಅದೇ ಮಕ್ಕಳಿಗೆ ಮಾಡಿ, ಒಂದನೇ ಪ್ರಶ್ನೆಗೆ ನೀನು, ಎರಡನೆಯದಕ್ಕೆ ನೀನು ಎಂದು ಚುರುಕು ಮಕ್ಕಳಿಗೆ ಹಂಚಿ, ಉತ್ತರ ಬಾಯಿಪಾಠ ಮಾಡಿಸಿ ಬರುವುದು ವಾಡಿಕೆ. ದಡ್ಡರೆನಿಸಿಕೊಂಡವರು ಆ ದಿನ ಆಟದ ಮೈದಾನದಲ್ಲಿ. ಪರೀಕ್ಷಕರಿಗೂ ಇದು ಗೊತ್ತು, ಏಕೆಂದರೆ ಅವರೂ ಒಂದು ಕಾಲಕ್ಕೆ ಹಂಚಿಯೇ ಪಾಸಾದವರು. ನಾನೂ ಹಂಚಿದೆ. ಹಂಚದಿದ್ದವರಿಗೆ ಡಿಗ್ರಿ ಸಿಗುತ್ತಿರಲಿಲ್ಲ.

ಮುಂದೆ ನನಗೆ ಹಳ್ಳಿಮೈಸೂರಿನ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಕೆಲಸ ಸಿಕ್ಕಿತು. ಅಲ್ಲಿನ ಹೆಡ್‌ಮಾಸ್ಟರು ಆ ಭಾಗದ ದೊಡ್ಡ ಜಮೀನಿನ ಮನೆತನದವರು. ಮೋಟಾರ್ ಬೈಕಿನಲ್ಲಿ ಬಂದು, ಇಳಿಯುವ ಮೊದಲೇ ಯಾರನ್ನಾದರೂ ಬೈದು, ಆಮೇಲೆ ಪ್ರಾರ್ಥನೆಗೆ ನಿಲ್ಲುವವರು. ಕೆಟ್ಟ ಮನುಷ್ಯ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ಮಳೆ ಬಂದ ದಿನ ದೂರದ ಹಳ್ಳಿಯ ಮಕ್ಕಳನ್ನು ಬೈಕಿನಲ್ಲಿ ಕೂರಿಸಿಕೊಂಡು ಮನೆ ಮುಟ್ಟಿಸಿದ್ದನ್ನೂ ನಾನು ನೋಡಿದ್ದೇನೆ. ಅವರ ತಲೆಯೊಳಗೆ ಹೊಕ್ಕಿದ್ದ ಭೂತ ಒಂದೇ: ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ನೂರು ಫಲಿತಾಂಶ.

ನೂರಕ್ಕೆ ನೂರು ಬರಿಸಲು ಎರಡು ದಾರಿ. ಎಲ್ಲರಿಗೂ ಕಲಿಸುವುದು ಒಂದು. ಕಲಿಯದವರನ್ನು ಹತ್ತನೇ ತರಗತಿಗೆ ಬಿಡದೇ ಇರುವುದು ಇನ್ನೊಂದು. ನಮ್ಮ ಹೆಡ್‌ಮಾಸ್ಟರು ಎರಡನೆಯದನ್ನು ಹಿಡಿದಿದ್ದರು. ಒಂಬತ್ತನೇ ತರಗತಿಯ ಕೊನೆಯಲ್ಲಿ ಕೆಲವರ ಅಪ್ಪಂದಿರಿಗೆ ಹೇಳಿಕಳಿಸಿ, 'ನಿನ್ನ ಮಗ ಇಲ್ಲಿದ್ರೆ ಫೇಲಾಯ್ತಾನೆ ಕಣಪ್ಪ, ಬ್ಯಾರೆ ಕಡೆ ಸೇರ್ಸು' ಎಂದು ಟಿ.ಸಿ. ಬರೆದುಕೊಡುತ್ತಿದ್ದರು. ಬೇರೆ ಕಡೆಯ ಶಾಲೆಯವರೂ ಅದೇ ಭೂತ ಹಿಡಿದವರು, ಅವರು ಸೇರಿಸಿಕೊಳ್ಳುತ್ತಿರಲಿಲ್ಲ. ಮಕ್ಕಳು ಮನೆಯಲ್ಲಿ ಉಳಿಯುತ್ತಿದ್ದರು. ನಮ್ಮ ಶಾಲೆಗೆ ತಾಲ್ಲೂಕಿನಲ್ಲಿ ಸನ್ಮಾನವಾಗುತ್ತಿತ್ತು.

ಒಂದು ವರ್ಷ ಒಂಬತ್ತನೇ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ಹತ್ತಿರದ ಹಳ್ಳಿಯಿಂದ ನಡೆದು ಬರುತ್ತಿದ್ದಳು. ಬರೆಯುವುದು ನಿಧಾನ, ಅಂಕ ಕಡಿಮೆ. ಆದರೆ ಕೇಳುತ್ತಿದ್ದಳು. ಯಾವುದನ್ನೂ ಸುಮ್ಮನೆ ಒಪ್ಪುವ ಜಾಯಮಾನವೇ ಅವಳದಲ್ಲ. 'ಮೇಡಂ, ಸಸ್ಯ ರಾತ್ರಿ ಉಸ್ರಾಡ್ತದೆ ಅಂದ್ರಲ್ಲ, ಅದು ಮಲಗದಿಲ್ವಾ?' ಕೆಲವು ಸಲ ನನಗೂ ತಲೆ ಚಿಟ್ಟು ಹಿಡಿಯುತ್ತಿತ್ತು. ಉಳಿದ ಮೇಷ್ಟರುಗಳಿಗೆ ಅವಳು ಕಣ್ಣಿಗೆ ಬಿದ್ದ ಕಸ. ಅವಳ ಅಪ್ಪ ಮೊದಲೇ ಹೇಳಿಬಿಟ್ಟಿದ್ದ: ಹತ್ತಕ್ಕೆ ಹೋದರೆ ಓದಲಿ, ಒಂಬತ್ತರಲ್ಲಿ ನಿಂತರೆ ಮನೆಯಲ್ಲಿರಲಿ, ಗಂಡು ನೋಡುತ್ತೇನೆ.

ಆದ್ದರಿಂದ ಅವಳ ಹೆಸರು ಟಿ.ಸಿ. ಪಡೆಯುವವರ ಸಾಲಿನಲ್ಲಿ ಬರಕೂಡದು ಎಂದು ನಾನು ಮೊದಲೇ ಹೆಡ್‌ಮಾಸ್ಟರ ಕೋಣೆಗೆ ಹೋಗಿ ನಿಂತೆ.

'ಅವಳು ಪರೀಕ್ಷೇಲಿ ಕೈ ಕೊಟ್ರೆ ನೀವು ಒಣೆ ಒತ್ಕೋತೀರೇನ್ರೀ?' ಎಂದರು.

'ಹೊತ್ಕೋತೀನಿ ಸಾರ್.'

ಮೇಜಿನ ಮೇಲಿನ ಹಾಜರಿ ಪುಸ್ತಕ ಮುಚ್ಚಿದರು. 'ಓಗ್ಲಿ, ಅತ್ನೇ ಕ್ಲಾಸ್ಗೆ ಬಿಡ್ತೀನಿ. ಆದ್ರೆ ಅವಳ ಬಾಯಿ ಬಿಗಿಯಾಗಿರ್ಬೇಕು. ಬಂದೋರ ಮುಂದೆ ಎದ್ದು ನಿಂತ್ಕೊಂಡು ತಲೆಹರಟೆ ಮಾಡಿದ್ರೆ ಮಾತಿಲ್ಲ ಕತೆಯಿಲ್ಲ.'

ಅಷ್ಟರಲ್ಲಿ ಶಾಲೆಗೆ ಕಂಪ್ಯೂಟರುಗಳು ಬಂದವು. ಎರಡು ಸಾವಿರ ಇಸವಿ ದಾಟಿದ ಹೊಸತು. ಕಂಪ್ಯೂಟರು ಬಂದ ಕೂಡಲೇ ಕಲಿಕೆ ಬದಲಾಗುತ್ತದೆ ಎಂದು ಎಲ್ಲ ಸಭೆಗಳಲ್ಲೂ ಹೇಳುತ್ತಿದ್ದರು. ನಮ್ಮಲ್ಲಿ ಬದಲಾದದ್ದು ಒಂದು ಕೋಣೆ. ಅದರ ಕಿಟಕಿಗೆ ಪರದೆ ಬಂತು, ಬಾಗಿಲಿಗೆ ಹೊಸ ಬೀಗ ಬಂತು, ಹೊರಗೆ 'ಚಪ್ಪಲಿ ಬಿಡಿ' ಎಂಬ ಬೋರ್ಡು ಬಂತು. ಆಯುಧಪೂಜೆಯ ದಿನ ಪರದೆ ಸರಿಸಿ, ಪ್ರತಿಯೊಂದಕ್ಕೂ ಅರಿಶಿನ ಕುಂಕುಮ ಇಟ್ಟು, ಮಂಗಳಾರತಿ ಎತ್ತಿದರು. ಮಕ್ಕಳು ಸಾಲಾಗಿ ಬಂದು ಕೈ ಮುಗಿದು ಪುರಿ ತೆಗೆದುಕೊಂಡು ಹೋದರು. ನಮ್ಮ ಮಕ್ಕಳಿಗೂ ಕಂಪ್ಯೂಟರಿಗೂ ಅಲ್ಲಿಯವರೆಗೆ ಇದ್ದ ಸಂಬಂಧ ಅಷ್ಟು. ನಾನು ಮುಟ್ಟಲು ಕೇಳಿದಾಗ, 'ಕೆಟ್ಟೋದ್ರೆ ಯಾರ್ ಜವಾಬ್ದಾರಿ?' ಎಂಬ ಉತ್ತರ ಬಂತು.

ಹೀಗಿರುವಾಗ ಸುದ್ದಿ ಬಂತು. ನನ್ನ ಆ ಹಾಸನದ ಉಪನ್ಯಾಸಕರು ಈಗ ದೊಡ್ಡ ಸಂಪನ್ಮೂಲ ವ್ಯಕ್ತಿ. ಕಲಿಕೆಯ ಸಿದ್ಧಾಂತವನ್ನು ತಂತ್ರಜ್ಞಾನಕ್ಕೂ ತರಗತಿಗೂ ಹೇಗೆ ಜೋಡಿಸಬೇಕು ಎಂದು ತೋರಿಸಲು ಅವರೇ ನಮ್ಮ ಶಾಲೆಗೆ ಬಂದು ಕಂಪ್ಯೂಟರು, ಪ್ರೊಜೆಕ್ಟರು ಇಟ್ಟು ಒಂದು ಮಾದರಿ ಪಾಠ ಮಾಡುತ್ತಾರೆ. ಸುತ್ತಲಿನ ಶಾಲೆಗಳ ಮೇಷ್ಟರುಗಳು ಹಿಂದೆ ಕೂತು ನೋಡುತ್ತಾರೆ. ವಿಡಿಯೋ ಮಾಡಿ ಜಿಲ್ಲೆಗೆಲ್ಲ ಕಳಿಸುತ್ತಾರೆ. ತರಗತಿ ಒಂಬತ್ತು, ವಿಷಯ ವಿದ್ಯುತ್ತು. ಅಂದರೆ ನನ್ನ ತರಗತಿ, ನನ್ನ ವಿಷಯ.

ಹಿಂದಿನ ದಿನ ಬಂದರು. ಸಫಾರಿ ಸೂಟು ಹೋಗಿ ಕೋಟು ಬಂದಿತ್ತು. 'ಏನಮ್ಮ, ಇಲ್ಲಿದ್ದೀಯಾ ನೀನು' ಎಂದರು. ನೆನಪಿತ್ತು, ಬಾಯಿ ಸಮೇತ ನೆನಪಿತ್ತು. ಆಮೇಲೆ ತರಗತಿಗೆ ಹೋಗಿ ಪ್ರಶ್ನೆ ಹಂಚಿದರು! ಮಗು ತನ್ನ ಜ್ಞಾನವನ್ನು ತಾನೇ ಕಟ್ಟಿಕೊಳ್ಳುವ ಪಾಠಕ್ಕೆ ಒಂದನೇ ಉತ್ತರ ಇವನು, ಎರಡನೆಯದು ಇವಳು, ಮೂರನೆಯದು ಕಿಟಕಿ ಪಕ್ಕದವನು. ಮಕ್ಕಳಿಗೆ ಇದು ಹೊಸದಲ್ಲ, ಇನ್‌ಸ್ಪೆಕ್ಷನ್ ಬಂದಾಗಲೆಲ್ಲ ಆಡಿದ ನಾಟಕ. ಪ್ರಶ್ನೆ ಏನೆಂದು ಕೇಳಿಸಿಕೊಳ್ಳುವ ಗೋಜಿಗೆ ಹೋಗದೆ ತಮ್ಮ ಸರದಿ ಎಷ್ಟನೆಯದು ಎನ್ನುವುದನ್ನಷ್ಟೇ ಗಟ್ಟಿಯಾಗಿ ಹಿಡಿದುಕೊಂಡರು. ಅಂಕ ಕಡಿಮೆಯವರಿಗೆಲ್ಲ, ನಾಳೆ ನೀವು ಶಾಲೆಯ ಹಿಂದೆ ಗಿಡಗಳಿಗೆ ಪಾತಿ ಮಾಡಿ ಎಂದು ಹೆಡ್‌ಮಾಸ್ಟರು ಹೇಳಿದರು. ಆ ಹುಡುಗಿಯೂ ಪಾತಿಯವರಲ್ಲಿ ಸೇರಿದ್ದಳು.

ಮರುದಿನ ಬೆಳಗ್ಗೆ ಅವಳ ಕೈಯಿಂದ ಗುದ್ದಲಿ ತೆಗೆದಿಟ್ಟು, ಒಳಗೆ ಕರೆದುಕೊಂಡು ಹೋಗಿ, ಮೂರನೇ ಬೆಂಚಿನ ತುದಿಯಲ್ಲಿ ನಾನೇ ಕೂರಿಸಿದೆ. ಅವಳ ತರಗತಿಯಲ್ಲಿ ಅವಳಿಗೆ ಕೂರುವ ಹಕ್ಕಿತ್ತು. ಇವತ್ತು ಕೇಳಿದರೂ ಅದನ್ನೇ ಮಾಡುತ್ತೇನೆ.

ವಿಡಿಯೋ ಮಾಡಲು ಬಂದವನು ಹೊಳೆನರಸೀಪುರದಲ್ಲಿ ಮದುವೆ ವಿಡಿಯೋ ತೆಗೆಯುವವನು. ಬೇರೆ ಯಾರೂ ಸಿಕ್ಕಿರಲಿಲ್ಲ. ಅವನು ಅಭ್ಯಾಸದಂತೆ ಮೊದಲು ಬಾಗಿಲ ತೋರಣ ತೆಗೆದ, ಆಮೇಲೆ ಹಿರಿಯರನ್ನು ಸಾಲಾಗಿ ತೆಗೆದ, ಊಟದ ವ್ಯವಸ್ಥೆ ಎಲ್ಲಿ ಎಂದು ಕೇಳಿ ಅದನ್ನೂ ತೆಗೆದ. ಹಿಂದಿನ ಬೆಂಚುಗಳಲ್ಲಿ ಮೇಷ್ಟರುಗಳು ಕೂತರು. ಗೋಡೆಗೆ ಬಿಳಿ ಪಂಚೆ ಕಟ್ಟಿ ಅದರ ಮೇಲೆ ಚಿತ್ರ ಬಿಟ್ಟರು. ಹೆಡ್‌ಮಾಸ್ಟರು ಮೂರನೇ ಬೆಂಚಿನಲ್ಲಿ ಅವಳನ್ನು ನೋಡಿ ನನ್ನ ಕಡೆ ತಿರುಗಿ ಹುಬ್ಬು ಗಂಟಿಕ್ಕಿದರು. ನಾನು ಕಿಟಕಿ ಆಚೆ ನೋಡಿದೆ.

ಪಾಠ ಶುರುವಾಯಿತು. ಮೊದಲ ಪ್ರಶ್ನೆಗೆ ಮೊದಲನೆಯವನು ಎದ್ದು ಗಿಳಿಯಂತೆ ಒಪ್ಪಿಸಿದ. ಎರಡನೆಯವಳೂ ಒಪ್ಪಿಸಿದಳು. ಹಿಂದೆ ಕೂತವರು ತಲೆದೂಗಿದರು. ಆಮೇಲೆ ಪಂಚೆಯ ಮೇಲೆ ಬಲ್ಬುಗಳು ಬಂದವು. ಸಮಾಂತರ ಜೋಡಣೆ. ಅಂದರೆ ನಮ್ಮ ಮನೆಗಳಲ್ಲಿರುವ ಹಾಗೆ, ಪ್ರತಿ ಬಲ್ಬಿಗೂ ಬೇರೆ ಬೇರೆ ದಾರಿ. ಒಂದು ಹತ್ತಿತು, ಇನ್ನೊಂದು ಹತ್ತಿತು, ಸಾಲಾಗಿ ಎಲ್ಲ ಹತ್ತಿದವು. ಎಷ್ಟು ಹತ್ತಿದರೂ ಯಾವುದರ ಬೆಳಕೂ ಕಡಿಮೆಯಾಗಲಿಲ್ಲ. ಚಿತ್ರ ನಿಜಕ್ಕೂ ಚೆನ್ನಾಗಿತ್ತು. ಅಂಥದ್ದನ್ನು ಕಪ್ಪು ಹಲಗೆಯ ಮೇಲೆ ನಾನು ಬಿಡಿಸಲಾರೆ.

ಅವಳು ಕೈ ಎತ್ತಿದಳು.

ಉಪನ್ಯಾಸಕರು ನೋಡಿದರು, ನೋಡದವರಂತೆ ಮುಂದೆ ಹೋದರು. ಅವಳು ಕೈ ಇಳಿಸಲಿಲ್ಲ. ಸೋತಾಗ ಇನ್ನೊಂದು ಕೈಯನ್ನು ಮೊಣಕೈಗೆ ಆಸರೆ ಕೊಟ್ಟುಕೊಂಡು ಎತ್ತಿಯೇ ಕೂತಳು. ಕ್ಯಾಮೆರಾದವನಿಗೆ ಅದು ಚೆಂದ ಕಂಡಿರಬೇಕು, ಹತ್ತಿರ ಹೋಗಿ ತೆಗೆದ. ಅಷ್ಟರಲ್ಲಿ ಕರೆಂಟು ಹೋಯಿತು.

ಕರೆಂಟು ಹೋಗುವುದು ನಮ್ಮ ಕಡೆ ಯಾರಿಗೂ ಆಶ್ಚರ್ಯದ ಸಂಗತಿಯಲ್ಲ. ಅವರಿಗೆ ಮಾತ್ರ ಕೈಕಾಲು ಆಡಲಿಲ್ಲ. ಪಂಚೆ ಖಾಲಿ, ಬಾಯಿ ಖಾಲಿ. ಕಲಿಕೆಯ ಸಿದ್ಧಾಂತವೆಲ್ಲ ಪ್ಲಗ್ಗಿನಲ್ಲಿತ್ತು. ಆ ಮೌನದಲ್ಲಿ ಅವಳು ಎದ್ದು ನಿಂತಳು.

'ಸಾ, ನಮ್ಮನೆ ಬಲ್ಬು ಅಂಗಲ್ಲ ಸಾ. ಪಕ್ಕದ ತ್ವಾಟದೋರು ಮೋಟ್ರು ಆಕುದ್ರೆ ನಮ್ಮನೆ ಬಲ್ಬು ಮಂಕಾಯ್ತದೆ. ಯಾಕ್ ಸಾ?'

ಇಡೀ ವರ್ಷ ಅಂಡರ್‌ಲೈನ್ ಮಾಡಿಸಿದರಲ್ಲ, ಮಗುವಿಗೆ ಈಗಾಗಲೇ ಗೊತ್ತಿರುವುದಕ್ಕೂ ಹೊಸ ಪಾಠಕ್ಕೂ ತಾಳೆಯಾಗದಿದ್ದಾಗ ಕಲಿಕೆ ಶುರುವಾಗುತ್ತದೆ ಎಂದು! ಇಗೋ, ಅದೇ ಮಗು, ಅದೇ ಗಳಿಗೆ, ಎದುರಿಗೆ ಎದ್ದು ನಿಂತಿದೆ. ಇಂಥ ಪ್ರಶ್ನೆ ಒಂದು ಬಂದರೆ ಮೇಷ್ಟರಾದವನು ಪುಸ್ತಕ ಮುಚ್ಚಿ ಬೆಂಚಿನ ಮೇಲೆ ಕೂತು, 'ಹೌದಾ, ಇನ್ಯಾರ ಮನೇಲಿ ಹಾಗಾಗುತ್ತೆ?' ಎಂದು ಕೇಳಬೇಕು. ಅರ್ಧ ಕ್ಲಾಸು ಕೈ ಎತ್ತುತ್ತಿತ್ತು. ಉಪನ್ಯಾಸಕರಿಗೆ ಅದು ಕಾಣಲೇ ಇಲ್ಲ. ಜೀವನವಿಡೀ ವರ್ಣಿಸಿದ ದೇವರು ಎದುರು ಬಂದರೆ ಗುರುತೇ ಹತ್ತದ ಪೂಜಾರಿ.

'ಅದು ಈ ಪಾಠದಲ್ಲಿ ಬರುವುದಿಲ್ಲ. ಕೂತ್ಕೊ' ಎಂದರು.

ಅವಳು ಕೂರಲಿಲ್ಲ. ಸೊಕ್ಕಲ್ಲ ಅದು, ನಿಜವಾಗಿಯೂ ಗೊಂದಲದಲ್ಲಿದ್ದಳು. 'ಅಂಗಾರೆ ನೀವು ತೋರ್ಸಿದ್ದು ಸುಳ್ಳಾ ಸಾ?'

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ ಎಂದರು. ಹೆಡ್‌ಮಾಸ್ಟರು 'ಲೇಯ್, ಕೂತ್ಕಳ್ಳೇ!' ಎಂದು ಗುಡುಗಿದರು. ಕೂತಳು. ಅಷ್ಟು ಹೊತ್ತಿಗೆ ಕರೆಂಟು ಬಂತು.

ಆಮೇಲೆ ನಡೆದದ್ದನ್ನು ನೆನೆದರೆ ನನಗೆ ಈಗಲೂ ಕೆಟ್ಟ ಸಂತೋಷವಾಗುತ್ತದೆ. ಕಂಪ್ಯೂಟರು ಮೊದಲಿಂದ ಶುರುವಾಯಿತು, ಆದ್ದರಿಂದ ಉಪನ್ಯಾಸಕರೂ ಮೊದಲಿಂದ ಶುರು ಮಾಡಿ ಮೊದಲನೆಯ ಪ್ರಶ್ನೆಯನ್ನೇ ಕೇಳಿದರು: 'ವಿದ್ಯುತ್ ಪ್ರವಾಹ ಎಂದರೇನು?' ಮಕ್ಕಳ ಪ್ರಕಾರ ಎರಡು ಸರದಿ ಮುಗಿದಿತ್ತು. ಕಿಟಕಿ ಪಕ್ಕದವನು ಎದ್ದು ನಿಂತು, 'ಎಲ್ಲಾ ಬಲ್ಬುಗಳೂ ಒಂದೇ ಪ್ರಕಾಶದಿಂದ ಉರಿಯುತ್ತವೆ ಸಾ' ಎಂದ. ಅವರು ಪ್ರಶ್ನೆಯನ್ನು ಮತ್ತೆ ಕೇಳಿದರು. ನಾಲ್ಕನೆಯವಳು ಎದ್ದು, 'ಮನೆಗಳಲ್ಲಿ ಸಮಾಂತರ ಜೋಡಣೆಯನ್ನು ಬಳಸುತ್ತಾರೆ ಸಾ' ಎಂದಳು. ಮೂರನೇ ಸಲ ಕೇಳಿದಾಗ ಐದನೆಯವನು ಎದ್ದು, 'ಈ ಪಾಠ ನಮಗೆ ತುಂಬಾ ಇಷ್ಟವಾಯಿತು, ಧನ್ಯವಾದಗಳು ಸಾ' ಎಂದುಬಿಟ್ಟ. ಹಿಂದಿನ ಬೆಂಚುಗಳು ಗೊಳ್ಳೆಂದವು. ಮಕ್ಕಳಿಗೆ ಯಾಕೆ ನಗುತ್ತಿದ್ದಾರೆಂದು ಗೊತ್ತಾಗಲಿಲ್ಲ. ತಮಗೆ ಹೇಳಿಕೊಟ್ಟಿದ್ದನ್ನು ಹೇಳಿಕೊಟ್ಟ ಸಾಲಿನಲ್ಲೇ ಹೇಳಿದ್ದರು. ಗಂಟೆ ಬಾರಿಸಿದ್ದಕ್ಕೆ ರಷ್ಯಾದ ನಾಯಿ ಮಾಡಿದ್ದೂ ಅದನ್ನೇ.

ಆಮೇಲೆ ಹೆಡ್‌ಮಾಸ್ಟರ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತೆವು. ಉಪನ್ಯಾಸಕರು ನೀರು ಕುಡಿದು, 'ಆ ಹುಡುಗಿ ಓಘ ತಪ್ಪಿಸಿಬಿಟ್ಟಳು' ಎಂದರು. ಕರೆಂಟಲ್ಲ, ಹಂಚಿದ ಪ್ರಶ್ನೆಗಳಲ್ಲ. ಆ ಹುಡುಗಿ.

'ಸಾರ್, ಅವಳು ಕೇಳಿದ್ದು ಒಳ್ಳೇ ಪ್ರಶ್ನೆ' ಎಂದೆ.

'ಮಕ್ಕಳು ಪ್ರಶ್ನೆ ಕೇಳೋದಕ್ಕೂ ಒಂದು ಹಂತ ಇದೆಯಮ್ಮ. ನಾನು ಪಾಠ ಯೋಜನೆಯಲ್ಲಿ ಅದನ್ನ ಕೊನೆಗೆ ಇಟ್ಟಿದ್ದೆ.'

'ಆ ಹಂತವನ್ನೂ ಹಂಚಿಬಿಟ್ಟಿದ್ರಿ, ಸಾರ್. ಕೊನೆಗೆ ಇಟ್ಟಿದ್ದು ಧನ್ಯವಾದ.'

ಹೆಡ್‌ಮಾಸ್ಟರು ಮೇಜು ಕುಟ್ಟಿದರು. 'ಸಾಕು ಸುಮ್ಕಿರ್ರೀ! ನಿಮ್ಮಿಂದ್ಲೇ ಆಗಿದ್ದು ಇದು. ಸುತ್ತೇಳು ಸ್ಕೂಲ್ ಮುಂದೆ ಮಾನ ಓಯ್ತು. ನಾನು ಮೊದ್ಲೇ ಏಳಿದ್ದೆ, ಮಾತಿಲ್ಲ ಕತೆಯಿಲ್ಲ ಅಂತ. ನಾಳೆ ಅವಳಪ್ಪನ್ನ ಬರೋಕೇಳಿ.'

ನಾನು ಬೇಡಿಕೊಂಡೆ. ಜಗಳವಾಡಿದೆ ಎಂದು ಹೇಳಿಕೊಳ್ಳಲು ಇಷ್ಟ, ಆದರೆ ಬೇಡಿಕೊಂಡೆ. ಉಪನ್ಯಾಸಕರ ಕಡೆ ತಿರುಗಿ, ನೀವು ಒಂದು ಮಾತು ಹೇಳಿ ಸಾರ್, ನಿಮ್ಮ ಮಾತು ಅವರು ತೆಗೆದುಹಾಕುವುದಿಲ್ಲ, ಅವಳ ಓದು ನಿಲ್ಲುತ್ತದೆ ಎಂದೆ. ಅವರು ಪ್ರೊಜೆಕ್ಟರಿನ ವೈರು ಸುತ್ತುತ್ತಾ, 'ಅದು ಶಾಲೆಯ ಆಂತರಿಕ ವಿಷಯ' ಎಂದು ಕೈ ತೊಳೆದುಕೊಂಡರು. ಪರೀಕ್ಷೆ ಮುಗಿಯುತ್ತಲೇ ಟಿ.ಸಿ. ಬರೆದರು.

ಅವಳನ್ನೂ ಅವಳ ಅಪ್ಪನನ್ನೂ ಕರೆದುಕೊಂಡು ಅರಕಲಗೂಡಿಗೆ ಹೋದೆ. ಅಲ್ಲಿ ನನ್ನ ಜೊತೆ ಬಿ.ಎಡ್. ಓದಿದವನೊಬ್ಬ ಹೆಡ್‌ಮಾಸ್ಟರಾಗಿದ್ದ. ಕಾಫಿ ಕುಡಿಸಿದ, ಅಂಕಪಟ್ಟಿ ನೋಡಿದ, ವಾಪಸು ಕೊಟ್ಟ. 'ಬೇಜಾರ್ ಮಾಡ್ಕೋಬೇಡ. ನಮ್ಮಲ್ಲೂ ಈ ಸಲ ನೂರಕ್ಕೆ ನೂರು ಅಂತ ಮೇಲಿನೋರಿಗೆ ಮಾತು ಕೊಟ್ಟಿದೀವಿ.' ಬಸ್ ನಿಲ್ದಾಣದಲ್ಲಿ ಅವಳ ಅಪ್ಪ ನನಗೆ ಕೈ ಮುಗಿದ. 'ಬುಟ್ಬುಡಿ ಅವ್ವ, ನೀವಾದ್ರೂ ಎಷ್ಟ್ ಓಡಾಡೀರಿ' ಎಂದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಆಗಲಿಲ್ಲ.

ಅವತ್ತು ಅವರ ಮನೆಯವರೆಗೂ ಹೋದೆ. ಮುಸ್ಸಂಜೆ. ಅವಳ ಅಮ್ಮ ಮಜ್ಜಿಗೆ ಕೊಟ್ಟರು. ಜಗುಲಿಯ ಬಲ್ಬು ಉರಿಯುತ್ತಿತ್ತು. ಪಕ್ಕದ ತೋಟದಲ್ಲಿ ಮೋಟಾರು ಗುಂಯ್ ಎಂದದ್ದೇ, ಅದು ಕುಂಬಳದ ಹೂವಿನ ಬಣ್ಣಕ್ಕೆ ಇಳಿಯಿತು. ಅವಳು ಬಲ್ಬನ್ನು ನೋಡಿದಳು, ನನ್ನನ್ನು ನೋಡಿದಳು.

'ನೋಡಿ ಮೇಡಂ. ನಾನ್ ಸುಳ್ಳೇಳಿದ್ನಾ?'

ಅಲ್ಲೇ ಕೂತು ಹೇಳಿದೆ. ಪುಸ್ತಕದಲ್ಲಿ ತಂತಿಯನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಇಲ್ಲಿ ದೂರದ ಕಂಬದಿಂದ ತೆಳ್ಳನೆಯ ತಂತಿ ಬರುತ್ತದೆ. ಮೋಟಾರು ಒಂದೇ ಸಲ ಜಾಸ್ತಿ ಕರೆಂಟು ಎಳೆದಾಗ ತಂತಿಯೇ ತನ್ನ ಪಾಲು ಜಾಸ್ತಿ ತಿನ್ನುತ್ತದೆ, ನಿಮ್ಮ ಮನೆಗೆ ಬರುವ ಒತ್ತಡ ಕಡಿಮೆಯಾಗುತ್ತದೆ. ಅವಳು ಕಡ್ಡಿಯಿಂದ ನೆಲದ ಮೇಲೆ ಕಂಬ ಬರೆದಳು, ತೋಟ ಬರೆದಳು, ಮನೆ ಬರೆದಳು. ಎರಡು ಸಲ ಅಳಿಸಿದಳು. ಆಮೇಲೆ ತಲೆ ಎತ್ತಿ, 'ಅಂಗಾರೆ ಆ ಸಾ ಏಳಿದ್ದೂ ನಿಜ, ನಮ್ಮನೆ ಬಲ್ಬೂ ನಿಜ' ಎಂದಳು.

ನನ್ನ ನೌಕರಿಯಲ್ಲಿ ಅಷ್ಟು ಸರಿಯಾದ ಪಾಠ ಇನ್ನೊಂದು ನಡೆದಿಲ್ಲ. ಅದು ನಡೆದದ್ದು ಶಾಲೆ ಬಿಡಿಸಿದ ಹುಡುಗಿಗೆ, ಅವಳ ಮನೆಯ ಜಗುಲಿಯಲ್ಲಿ. ಬಸ್ಸಿಗೆ ನಡೆದುಕೊಂಡು ಬರುವಾಗ ನಾನು ಅತ್ತುಬಿಟ್ಟೆ.

ಕೆಲವು ವರ್ಷಗಳ ನಂತರ ಚನ್ನರಾಯಪಟ್ಟಣದಲ್ಲಿ ನಮಗೆ ತರಬೇತಿ ಹಾಕಿದರು. ವಿಷಯ ಮತ್ತೆ ಅದೇ: ಕಲಿಕೆಯ ಸಿದ್ಧಾಂತ, ಬೋಧನೆಯ ತಂತ್ರ, ತಂತ್ರಜ್ಞಾನ. ವೇದಿಕೆಯ ಮೇಲೆ ಮತ್ತೆ ಅವರೇ. ಬೆಳಗಿನ ಉಪ್ಪಿಟ್ಟು ಮುಗಿದ ಮೇಲೆ ಒಂದು ಸಿ.ಡಿ. ಹಾಕಿದರು.

ಮೊದಲು ಓಲಗ ಕೇಳಿಸಿತು. ಆ ಮದುವೆ ವಿಡಿಯೋದವನು ತನಗೆ ಗೊತ್ತಿದ್ದ ಅಲಂಕಾರವನ್ನೆಲ್ಲ ಮಾಡಿದ್ದ. ಪರದೆಯ ಮೇಲೆ ಹೂವಿನ ಪಕಳೆಗಳು ಉದುರಿದವು, ಅದರ ಹಿಂದಿನಿಂದ ನಮ್ಮ ಶಾಲೆಯ ಗೇಟು ಮೂಡಿ ಬಂತು. ಕರೆಂಟು ಹೋದದ್ದು ಇರಲಿಲ್ಲ. ಅವಳ ಪ್ರಶ್ನೆ ಇರಲಿಲ್ಲ. ಮಕ್ಕಳ ತಪ್ಪಿದ ಸರದಿ ಇರಲಿಲ್ಲ. ಮೊದಲ ಉತ್ತರ, ಎರಡನೆಯ ಉತ್ತರ, ಹತ್ತಿ ಬೆಳಗುವ ಬಲ್ಬುಗಳು. ಆಮೇಲೆ ಒಂದು ಕೈ. ಮೊಣಕೈಗೆ ಇನ್ನೊಂದು ಕೈಯ ಆಸರೆ, ಕೆಳಗೆ ಅವಳ ಮುಖ, ಕಣ್ಣು ಪಂಚೆಯ ಮೇಲೆ. ಅದರ ಸುತ್ತ ನಿಧಾನವಾಗಿ ಒಂದು ಹೃದಯದ ಆಕಾರದ ಚೌಕಟ್ಟು ಬಂದು ಕೂತಿತು, ಮದುವೆಯಲ್ಲಿ ವಧುವಿಗೆ ಹಾಕುತ್ತಾರಲ್ಲ, ಅದೇ.

ಅವರು ಅಲ್ಲಿಗೆ ನಿಲ್ಲಿಸಿದರು. ಕೋಲು ತೆಗೆದುಕೊಂಡು ಆ ಕೈಯ ಮೇಲೆ ಇಟ್ಟರು. 'ಗಮನಿಸಿ. ತಂತ್ರಜ್ಞಾನವನ್ನು ಸರಿಯಾದ ಸಿದ್ಧಾಂತಕ್ಕೆ ಜೋಡಿಸಿದಾಗ ಮಗುವಿನ ಸಕ್ರಿಯ ಭಾಗವಹಿಸುವಿಕೆ ಹೇಗಿರುತ್ತದೆ ಎನ್ನುವುದಕ್ಕೆ ಈ ಕೈ ಸಾಕ್ಷಿ. ಬರ್ಕೊಳ್ಳಿ.'

ಸಭಾಂಗಣದ ತುಂಬ ಪೆನ್ನುಗಳು ಓಡಿದವು. ನಾನು ಎದ್ದೆ.

'ಆ ಕೈಗೆ ಅವತ್ತು ನೀವು ಏನು ಉತ್ತರ ಕೊಟ್ರಿ, ಸಾರ್?'

ಅವರಿಗೆ ನನ್ನ ದನಿಯ ಗುರುತು ಹತ್ತಿತು. ನಾನು ನಿಲ್ಲಿಸಲಿಲ್ಲ. ಅವಳು ಉತ್ತರ ಹೇಳಲು ಕೈ ಎತ್ತಿದ್ದಲ್ಲ, ಕೇಳಲು ಎತ್ತಿದ್ದು. ಕೇಳಿದ್ದಕ್ಕೆ ಅವಳನ್ನು ಶಾಲೆಯಿಂದ ಕಳಿಸಿದರು. ಒಂದು ಮಾತು ಹೇಳಿ ಎಂದು ಬೇಡಿದಾಗ ಇವರು ವೈರು ಸುತ್ತುತ್ತಿದ್ದರು. ಎಲ್ಲವನ್ನೂ ಅಷ್ಟೂ ಮೇಷ್ಟರುಗಳ ಮುಂದೆ ಹೇಳಿದೆ.

ಅವರು ಕೋಲನ್ನು ಮೇಜಿನ ಮೇಲೆ ಇಟ್ಟು, ಬಹಳ ಸಮಾಧಾನದಿಂದ, ದಡ್ಡ ವಿದ್ಯಾರ್ಥಿನಿಗೆ ಹೇಳುವಂತೆ ಹೇಳಿದರು: 'ನೋಡಮ್ಮ, ಅದು ಯಾವುದೋ ಒಬ್ಬ ಹುಡುಗಿಯ ವಿಷಯ. ನಾವಿಲ್ಲಿ ಮಾತಾಡ್ತಿರೋದು ಮಗುವಿನ ಬಗ್ಗೆ.'

ಅಷ್ಟರಲ್ಲಿ ಟೀ ಬಂತು. ಎಲ್ಲರೂ ಎದ್ದು ಹೊರಗೆ ಹೋದರು. ನನ್ನ ಪಕ್ಕದ ಮೇಷ್ಟರು ಹೋಗುವ ಮುಂಚೆ ಅವರ ಕೊನೆಯ ಮಾತನ್ನೂ ಬರೆದುಕೊಂಡರು.

ಖಾಲಿ ಸಭಾಂಗಣದಲ್ಲಿ ಕಂಪ್ಯೂಟರಿನ ಗುಂಡಿ ಒತ್ತಿ ಸಿ.ಡಿ. ತೆಗೆದು ಬ್ಯಾಗಿಗೆ ಹಾಕಿಕೊಂಡೆ. ಕೆಟ್ಟು ಹೋಗುತ್ತದೆ ಎಂದು ಯಾರೂ ತಡೆಯಲಿಲ್ಲ. ಹಾಸನದ ಬಸ್ಸಿನಲ್ಲಿ ಶಾಂತಿಗ್ರಾಮ ದಾಟುವವರೆಗೂ ಬ್ಯಾಗನ್ನು ಎದೆಗೆ ಅವುಚಿಕೊಂಡು ಕೂತಿದ್ದೆ. ಅದು ಈಗಲೂ ನನ್ನ ಬೀರುವಿನಲ್ಲಿ ಸೀರೆಗಳ ಕೆಳಗಿದೆ. ಕದ್ದ ಮಾಲು, ನಾಚಿಕೆಯೇನೂ ಇಲ್ಲ.

ಆದರೆ ಅಂಥ ಸಿ.ಡಿ.ಗಳನ್ನು ಎಲ್ಲ ತಾಲ್ಲೂಕುಗಳಿಗೂ ಕಳಿಸಿದ್ದಾರೆ ಎಂದು ಆಮೇಲೆ ತಿಳಿಯಿತು. ಎಲ್ಲಿ ಹಾಕಿದರೂ ಓಲಗ ಕೇಳಿಸುತ್ತದೆ, ಬಲ್ಬುಗಳು ಹತ್ತುತ್ತವೆ, ಅವಳು ಕೈ ಎತ್ತುತ್ತಾಳೆ, ಮೇಷ್ಟರುಗಳು ಬರೆದುಕೊಳ್ಳುತ್ತಾರೆ. ಅವಳು ಹತ್ತನೇ ತರಗತಿಯ ಬೆಂಚಿನ ಮೇಲೆ ಒಂದು ದಿನವೂ ಕೂರಲಿಲ್ಲ.